ಚಿತ್ರದ ಕರಡಿ, ಬೆಟ್ಟದ ಕರಡಿ



ಕರ್ನಾಟಕದಲ್ಲಿ ಕರಡಿಯ ಚಿತ್ರ ತೆಗೆಯಬಯಸುವವರಿಗೆ ಮೊದಲು ನೆನಪಾಗುವ ಸ್ಥಳ ದರೋಜಿ. ಹಂಪೆಗೆ ಸಮೀಪದ ಈ ಕರಡಿಧಾಮ 1994ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿಡುವುದುಂಟು. ಸಂಜೆ ಕರಡಿಗಳು ಬಂದು ನೆಕ್ಕುತ್ತವೆ, ಎದುರಿನ ಗೋಪುರದಿಂದ ಜನ ನೋಡುತ್ತಾರೆ.

ಇಂತಹ ಕಿರುಚಿತ್ರಗಳಿಂದ ಕಲಿಯಬೇಕಾದದ್ದು ಬಹಳವಿದೆ. ತಾಯಿ ಕರಡಿ ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುತ್ತದೆ. ಅದರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಹುತ್ತವನ್ನು ಬಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. 1791ರಲ್ಲಿ ಜಾರ್ಜ್ ಷಾ ಎಂಬ ವಿದ್ವಾಂಸ ಇದರ ಉದ್ದನೆಯ ಉಗುರುಗಳನ್ನು ಕಂಡು ಅಮೆರಿಕದ ಸ್ಲಾತ್ ಎಂಬ ಪ್ರಾಣಿಯ ಬಳಗಕ್ಕೆ ಸೇರಿಸಿದ. ವರ್ಗ ಬದಲಾಯಿತು, ಸ್ಲಾತ್ ಬೇರ್ ಎಂಬ ಇಂಗ್ಲಿಷ್ ಹೆಸರು ಮಾತ್ರ ಉಳಿಯಿತು.

ಆದರೆ ಚಿಕ್ಕನಾಯಕನಹಳ್ಳಿಯ ಬೆಟ್ಟದಂಚಿನ ತೆಂಗಿನ ತೋಟದವನಿಗೆ ಕರಡಿ ಗೋಪುರದ ಮೇಲಿಂದ ಕಾಣುವ ಪ್ರಾಣಿಯಲ್ಲ. ಕೊಳವೆಬಾವಿಗೆ ವಿದ್ಯುತ್ತು ಹಲವು ವೇಳೆ ರಾತ್ರಿಯೇ ಬರುತ್ತದೆ. ಮೋಟಾರು ಹಾಕಲು ಅವನು ಕತ್ತಲಲ್ಲಿ ಹೋಗಲೇಬೇಕು. ಕರಡಿ ಹೊಟ್ಟೆಪಾಡಿಗೆ ಹೊರಡುವುದೂ ಅದೇ ಹೊತ್ತಿಗೆ. ಅದರ ದೃಷ್ಟಿ ಮಂದ. ಹುತ್ತದಲ್ಲಿ ಮೂತಿಯಿಟ್ಟಾಗ ಹೆಜ್ಜೆಯ ಸದ್ದೂ ಅದಕ್ಕೆ ಕೇಳದು. ಹಠಾತ್ತನೆ ಮನುಷ್ಯ ಎದುರಾದರೆ ಬೆದರಿ ಮೇಲೆರಗುತ್ತದೆ. ಅದು ತಿನ್ನಲೆಂದು ಬಂದದ್ದಲ್ಲ. ಆದರೂ ಹೋಗುವುದು ಮನುಷ್ಯನ ಕಣ್ಣು, ಮೂಗು, ಕೆಲವೊಮ್ಮೆ ಪ್ರಾಣ. ನೆರೆಯ ಅರಸೀಕೆರೆ ಸೀಮೆಯ ಅಂತಹ ಒಂದು ಕರಡಿಯ ಕಥೆಯನ್ನು ಕೆನೆತ್ ಆಂಡರ್ಸನ್ ಬರೆದಿದ್ದಾನೆ.

ಹೀಗಿರುವಾಗ, ಮರಿ ಹೊತ್ತ ತಾಯಿಯನ್ನಷ್ಟೇ ತೋರಿಸುವ ಚಿತ್ರ ಅರ್ಧ ಸತ್ಯ. ಗಾಯಗೊಂಡ ರೈತನ ಮುಖವನ್ನಷ್ಟೇ ಅಚ್ಚಿಸುವ ವಾರ್ತೆ ಇನ್ನರ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕರಡಿಗೆ ರಕ್ಷಣೆ ಕೊಟ್ಟಿದೆ. ಆ ರಕ್ಷಣೆಯ ಭಾರವನ್ನೆಲ್ಲ ಬೆಟ್ಟದ ಬುಡದ ರೈತನೊಬ್ಬನೇ ಹೊರಬೇಕೆಂಬುದು ನ್ಯಾಯವಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಶಾಲೆಗಳಲ್ಲಿ ತೋರಿಸಲು ಒಂದು ಕಿರುಚಿತ್ರ ಬೇಕು. ಒಂಟಿಯಾಗಿ ಹೋಗಬಾರದು, ದೀಪ ಹಿಡಿಯಬೇಕು, ಗಟ್ಟಿಯಾಗಿ ಮಾತನಾಡುತ್ತ ನಡೆಯಬೇಕು, ದಾರಿಬದಿಯ ಲಂಟಾನ ಪೊದೆಯನ್ನು ಸವರಬೇಕು, ಬೆಟ್ಟದ ಅತ್ತಿ, ಎಲಚಿ ಗಿಡಗಳನ್ನು ಕರಡಿಗೆಂದೇ ಬಿಡಬೇಕು ಎಂಬುದನ್ನು ಅದು ಹೇಳಲಿ. ಬೆಟ್ಟದಂಚಿನ ತೋಟಗಳಿಗೆ ಹಗಲಿನಲ್ಲೇ ವಿದ್ಯುತ್ತು ಕೊಡಿರೆಂದು ಅಧಿಕಾರಿಗಳಿಗೂ ಹೇಳಲಿ. ಕರಡಿಯ ರಾತ್ರಿಯನ್ನು ಕರಡಿಗೇ ಬಿಟ್ಟುಕೊಟ್ಟರೆ ರೈತನ ಕಣ್ಣೂ ಉಳಿಯುತ್ತದೆ, ಬೆಟ್ಟದ ಕರಡಿಯೂ ಉಳಿಯುತ್ತದೆ.