ಸಲ್ಯೂಟು ಯಾರು ಯಾರಿಗೆ ಹೊಡೆಯಬೇಕು?

(ಸಕಲೇಶಪುರ, ಆಲೂರು ಸೀಮೆಯ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಕಡೆ ಹುಡುಗರಿಗೆ ಮಿಲಿಟರಿ ಅಂದರೆ ಒಂದು ಸೆಳೆತ. ಪಿ.ಯು.ಸಿ. ಮುಗಿಯುತ್ತಲೂ ಓಟ ಓಡಿ, ಎದೆ ಅಳತೆ ಕೊಟ್ಟು ಬರೋಣ ಅಂತ ಹೊರಡ್ತಾರೆ. ಹೋಗಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ಹೋಗೋ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಸೈನ್ಯದಲ್ಲಿ ಯಾರು ಯಾರಿಗೆ ಸಲ್ಯೂಟು ಹೊಡೆಯಬೇಕು ಅಂತ ತೀರ್ಮಾನ ಮಾಡಿದ್ದು ಯಾವುದು? ಕೆಲಸವೋ, ಹುಟ್ಟೋ?

ದರ್ಜೆ ಅಂದರೆ ಬರೀ ತೋಳಿನ ಮೇಲಿನ ಪಟ್ಟಿ ಅಲ್ಲ. ಇವನ ಮಾತನ್ನು ಅವನು ಕೇಳಲೇಬೇಕು ಅನ್ನೋ ಕಾನೂನು. ಜಾತಿ ಹೇಳೋದು ಇದಕ್ಕೆ ತದ್ವಿರುದ್ಧ. ಇಂಥವನ ಮಾತನ್ನು ಇಂಥವನು ಎಂದೂ ಕೇಳಬೇಕಾಗಿಲ್ಲ ಅನ್ನುತ್ತೆ. ಈ ಎರಡೂ ಒಂದೇ ಅಂಗಳದಲ್ಲಿ ಎದುರಾದರೆ ಗೆಲ್ಲೋದು ಯಾವುದು?

ಮೊದಲು ದಕ್ಷಿಣ ಆಫ್ರಿಕ ನೋಡಿ. ಅಲ್ಲಿ ಜಾತಿಯ ಜಾಗದಲ್ಲಿ ಚರ್ಮದ ಬಣ್ಣ ಇತ್ತು. ಮೊದಲ ಮಹಾಯುದ್ಧದಲ್ಲಿ ಕರಿಯರನ್ನು ಫ್ರಾನ್ಸಿಗೆ ಒಯ್ದದ್ದು ಮೂಟೆ ಹೊರೋಕೆ, ಮರ ಕಡಿಯೋಕೆ. ಕೈಗೆ ಬಂದೂಕು ಕೊಡಲಿಲ್ಲ. 1917ರ ಫೆಬ್ರವರಿ 21ರಂದು 'ಮೆಂಡಿ' ಹಡಗು ಮುಳುಗಿ ಇಂಥ 600ಕ್ಕೂ ಹೆಚ್ಚು ಮಂದಿ ಸತ್ತರು. ಎರಡನೆಯ ಮಹಾಯುದ್ಧದಲ್ಲೂ ಕರಿಯರಿಗೆ ಕೊಟ್ಟದ್ದು ಈಟಿ. ಜಾಬ್ ಮಸೆಕೊ ಅನ್ನೋ ಲ್ಯಾನ್ಸ್ ಕಾರ್ಪೊರಲ್ 1942ರಲ್ಲಿ ಟೊಬ್ರುಕ್‌ನಲ್ಲಿ ಶತ್ರುಗಳ ಸೆರೆಯಲ್ಲಿದ್ದುಕೊಂಡೇ ಹಾಲಿನ ಡಬ್ಬಿಯಲ್ಲಿ ಮದ್ದು ತುಂಬಿ ಅವರ ಹಡಗನ್ನು ಮುಳುಗಿಸಿದ. ಪದಕ ಬಂತು. ಆದರೆ ಕರಿಯನ ಪಟ್ಟಿ ನಡೆಯುತ್ತಿದ್ದದ್ದು ಕರಿಯರ ಮೇಲೆ ಮಾತ್ರ. ಬಿಳಿ ಸಿಪಾಯಿಯ ಮುಂದೆ ಅದು ಬರೀ ಬಟ್ಟೆ.

1948ರಿಂದ ವರ್ಣಭೇದವೇ ಸರ್ಕಾರದ ನೀತಿಯಾಯಿತು. 1970ರ ದಶಕದಲ್ಲಿ ಗಡಿಗೆ ಜನ ಸಾಲದೆ ಹೋದಾಗ ಕರಿಯರಿಗೂ ಬಂದೂಕು ಬಂತು. ಅದರ ಜೊತೆಗೇ ಹೊಸ ಉಪಾಯವೂ ಬಂತು. ಟ್ರಾನ್ಸ್‌ಕೈ (1976), ಬೊಪುತತ್ಸ್ವಾನ (1977), ವೆಂಡ (1979), ಸಿಸ್ಕೈ (1981) ಅಂತ ಕರಿಯರಿಗೆ 'ಸ್ವಂತ ದೇಶ'ಗಳನ್ನು ಮಾಡಿಕೊಟ್ಟರು. ಊರಾಚೆ ಕೇರಿ ಇದ್ದ ಹಾಗೆ. ದಕ್ಷಿಣ ಆಫ್ರಿಕ ಬಿಟ್ಟರೆ ಲೋಕದ ಯಾವ ಸರ್ಕಾರವೂ ಅವನ್ನು ದೇಶ ಅಂತ ಒಪ್ಪಲಿಲ್ಲ. ಆದರೂ ಬಾವುಟ ಇತ್ತು, ಬ್ಯಾಂಡು ಇತ್ತು, ಸೈನ್ಯ ಇತ್ತು. ಸೈನ್ಯದ ನೆತ್ತಿ ಮೇಲೆ ಯಾರು? ಟ್ರಾನ್ಸ್‌ಕೈ ಸೇನೆಯನ್ನು 1980ರ ದಶಕದಲ್ಲಿ ಬಹುಕಾಲ ನಡೆಸಿದವನು ರೊಡೇಶಿಯದಿಂದ ಬಂದ ಬಿಳಿಯ, ರಾನ್ ರೀಡ್-ಡೇಲಿ. ಸಿಸ್ಕೈನಲ್ಲಿ 1992ರ ಸೆಪ್ಟೆಂಬರ್ 7ರಂದು ಬಿಶೊ ಪಟ್ಟಣದ ಹತ್ತಿರ ಮೆರವಣಿಗೆ ಬಂದವರ ಮೇಲೆ ಗುಂಡು ಹಾರಿತು. 28 ಮೆರವಣಿಗೆಗಾರರು ಸತ್ತರು. ಕುದುರೆ ಎಳೆದವರೂ ಕರಿಯರು, ಬಿದ್ದವರೂ ಕರಿಯರು. ಸಮವಸ್ತ್ರ ಹಾಕಿಸಿ, ನಮ್ಮವರ ಮೇಲೆಯೇ ನಮ್ಮವರನ್ನು ಬಿಡೋದು ಹೀಗೆ.

ಇದು ಅಲ್ಲಿಯ ಕತೆ ಅಂತ ಸುಮ್ಮನಾಗಬೇಡಿ. ಇದಕ್ಕಿಂತ ಹಳೆಯ ಕತೆ ನಮ್ಮಲ್ಲೇ ಇದೆ.

ಕಂಪನಿ ಸೈನ್ಯದಲ್ಲಿ ಮಹಾರರಿದ್ದರು, ಮದ್ರಾಸ್ ಸೈನ್ಯದಲ್ಲಿ ಪರಯರಿದ್ದರು. 1818ರ ಕೋರೆಗಾಂವ್ ಸ್ತಂಭದ ಮೇಲೆ 'ನಾಕ' ಅಂತ ಕೊನೆಯಾಗುವ ಮಹಾರ್ ಹೆಸರುಗಳಿವೆ. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರು ಸುಬೇದಾರರಾಗಿದ್ದರು. ಸುಬೇದಾರ ಅಂದರೇನು? ದೇಶೀಯನಿಗೆ ಸಿಗಬಹುದಾದ ಮೇಲ್ದರ್ಜೆಗಳಲ್ಲೊಂದು. ಆದರೆ 30 ವರ್ಷ ದುಡಿದು ತಲೆ ನರೆತ ಸುಬೇದಾರನೂ ನಿನ್ನೆ ಹಡಗಿಳಿದ ಬಿಳಿ ಹುಡುಗ ಅಧಿಕಾರಿಗೆ ಕೆಳಗೆ. ಮಹಾರನಿಗೆ ಇದರ ಮೇಲೆ ಇನ್ನೊಂದು ಅಡ್ಡಗೋಡೆ. ಮೇಲುಜಾತಿ ಸಿಪಾಯಿ ಮಹಾರ್ ಸುಬೇದಾರನ ಕೈಕೆಳಗೆ ನಿಲ್ಲೋದಿಲ್ಲ ಅನ್ನೋ ತಕರಾರು. ಲಾರ್ಡ್ ರಾಬರ್ಟ್ಸ್ ಕಾಲದಲ್ಲಿ ಕೆಲವು ಜಾತಿ ಮಾತ್ರ 'ಯೋಧ ಜನಾಂಗ' ಅನ್ನೋ ಸಿದ್ಧಾಂತ ಬೆಳೆಯಿತು. 1890ರ ದಶಕದ ಆರಂಭಕ್ಕೆ ಮಹಾರರ ಭರ್ತಿಯೇ ನಿಂತಿತು. ದರ್ಜೆಗೂ ಜಾತಿಗೂ ಜಗಳ ಬಂದಾಗ ದರ್ಜೆಯನ್ನೇ ಕಿತ್ತುಹಾಕಿದರು.

ನಮ್ಮ ಹಿರಿಯರು ಬಾಯಿ ಮುಚ್ಚಿಕೊಂಡಿರಲಿಲ್ಲ. ನಿವೃತ್ತ ಸೈನಿಕ ಗೋಪಾಲಬಾಬಾ ವಲಂಗ್‌ಕರ್ ಮನವಿ ಬರೆದರು. 1910ರಲ್ಲಿ ಶಿವರಾಂ ಜಾನ್ಬಾ ಕಾಂಬಳೆ ಮುಂದಾಳಾಗಿ ಮತ್ತೆ ಮನವಿ ಹೋಯಿತು. ಯುದ್ಧ ಬಂದಾಗ, 1917ರಲ್ಲಿ, ಮಹಾರರ ಒಂದು ಪಡೆ ಎದ್ದಿತು. ಯುದ್ಧ ಮುಗಿಯಿತು, 1921ರಲ್ಲಿ ಅದನ್ನು ಬರಖಾಸ್ತು ಮಾಡಿದರು. ಮತ್ತೆ ಯುದ್ಧ, ಮತ್ತೆ ನೆನಪು. 1941ರಲ್ಲಿ ಬಾಬಾಸಾಹೇಬರು ವೈಸ್‌ರಾಯ್ ರಕ್ಷಣಾ ಸಲಹಾ ಸಮಿತಿಯಲ್ಲಿದ್ದರು, ಒತ್ತಾಯ ಮಾಡಿದರು. ಆ ವರ್ಷವೇ ಮಹಾರ್ ರೆಜಿಮೆಂಟಿನ ಮೊದಲ ಪಡೆ ನಮ್ಮ ಬೆಳಗಾವಿಯಲ್ಲಿ ಹುಟ್ಟಿತು. 1943ರಲ್ಲಿ ಎದ್ದ ಚಮಾರ್ ರೆಜಿಮೆಂಟನ್ನು 1946ಕ್ಕೇ ಮುಗಿಸಿಬಿಟ್ಟರು. ಸಾಯೋಕೆ ಜನ ಬೇಕಾದಾಗ ಎಲ್ಲರೂ ಯೋಧರೇ. ಶಾಂತಿ ಬಂದಮೇಲೆ ನಾವು ಮತ್ತೆ ಹೊಲೆಯ ಮಾದಿಗರು.

ಈಗ ನಮ್ಮ ಬೆಟ್ಟಕ್ಕೆ ಬನ್ನಿ. ಮಂಜರಾಬಾದಿಗೆ ಇಂಗ್ಲಿಷರು ಬಂದು ಕಾಫಿ ತೋಟ ಹಾಕಿದರು. ತೋಟಕ್ಕೂ ದರ್ಜೆ ಇದೆಯಲ್ಲ? ಧಣಿ, ರೈಟರು, ಮೇಸ್ತ್ರಿ, ಆಳು. ದಂಡಿನಲ್ಲಿ ಸಿಪಾಯಿಗಳು ಮಲಗುತ್ತಿದ್ದ ಸಾಲುಮನೆಗೂ 'ಲೈನು' ಅಂತಲೇ ಹೆಸರು, ನಮ್ಮವ್ವಂದಿರು ಹೆತ್ತ ಮನೆಗೂ 'ಲೈನು' ಅಂತಲೇ ಹೆಸರು. ನಮ್ಮವನೊಬ್ಬ ಮೇಸ್ತ್ರಿಯಾದರೆ ಕೇರಿಗೆಲ್ಲ ಹಿಗ್ಗು. ಆದರೆ ಆ ಮೇಸ್ತ್ರಿ ಕೂಗಾಡೋದು ಯಾರ ಮೇಲೆ? ನಮ್ಮ ಮೇಲೇ. ಮಸೆಕೊನ ಪಟ್ಟಿಗೂ ಈ ಮೇಸ್ತ್ರಿಕೆಗೂ ಏನು ವ್ಯತ್ಯಾಸ, ನೀವೇ ಹೇಳಿ.

ಅದಕ್ಕೇ ಹೇಳ್ತೀನಿ. ನಮ್ಮವನಿಗೆ ಪಟ್ಟಿ ಸಿಕ್ಕಿತು ಅಂದಾಕ್ಷಣ ಕುಣಿಯಬೇಡಿ. ಅವನ ಆಜ್ಞೆ ಯಾರ ಮೇಲೆ ನಡೆಯುತ್ತೆ, ಅವನ ಮೇಲಿನ ಮೆಟ್ಟಿಲು ತೆರೆದಿದೆಯೋ ಮುಚ್ಚಿದೆಯೋ ಕೇಳಿ. ದಕ್ಷಿಣ ಆಫ್ರಿಕದಲ್ಲಿ 1994ರ ಏಪ್ರಿಲ್ 27ಕ್ಕೆ ಬಿಳಿಯರ ಸೈನ್ಯ, 'ಸ್ವಂತ ದೇಶ'ಗಳ ಸೈನ್ಯ, ವಿಮೋಚನಾ ಪಡೆಗಳು ಎಲ್ಲ ಒಂದಾದವು. 1998ರಲ್ಲಿ ಆ ಸೇನೆಗೆ ಮುಖ್ಯಸ್ಥರಾದವರು ವಿಮೋಚನಾ ಪಡೆಯಿಂದ ಬಂದ ಕರಿಯರು, ಸಿಫಿವೆ ನ್ಯಾಂಡ. ಅದು ಯಾರೂ ಕೊಟ್ಟ ದಾನ ಅಲ್ಲ, ಜನ ಹೋರಾಡಿ ಪಡೆದದ್ದು.

ನಮ್ಮಲ್ಲಿ ಸಂವಿಧಾನ ಬಂತು, ಮೇಲಿನ ಬಾಗಿಲ ಮೇಲೆ ಈಗ ಜಾತಿಯ ಬೋರ್ಡು ಇಲ್ಲ. ಆದರೆ ಸೈನಿಕರ ಭರ್ತಿಯಲ್ಲಿ ನಮಗೆ ಮೀಸಲಾತಿಯೂ ಇಲ್ಲ. 2022ರ ಅಗ್ನಿಪಥ ಯೋಜನೆಯಲ್ಲಿ ಸಿಪಾಯಿಯಾಗಿ ಸೇರಿದವನಿಗೆ ನಾಲ್ಕು ವರ್ಷದ ಕೆಲಸ. ಆಮೇಲೆ ಉಳಿಸಿಕೊಳ್ಳೋದು ನೂರಕ್ಕೆ 25 ಜನರವರೆಗೆ ಅಂತ ಆ ಯೋಜನೆಯೇ ಹೇಳಿತು. ಹಾಗಾಗಿ ಓಟದ ಜೊತೆಗೆ ಓದನ್ನೂ ಹಿಡಿಯಿರಿ. ಪಿ.ಯು.ಸಿ. ಹುಡುಗರಿಗೆ ಎನ್.ಡಿ.ಎ. ಪರೀಕ್ಷೆ ಇದೆ, ಪದವಿಯವರಿಗೆ ಸಿ.ಡಿ.ಎಸ್. ಇದೆ. 2021ರ ಸುಪ್ರೀಂ ಕೋರ್ಟ್ ಆದೇಶದಿಂದ ಹುಡುಗಿಯರಿಗೂ ಎನ್.ಡಿ.ಎ. ಬಾಗಿಲು ತೆರೆಯಿತು. ಹಾಸ್ಟೆಲ್‌ನಲ್ಲಿ ನಾಲ್ಕು ಜನ ಸೇರಿ ಗಣಿತ, ಇಂಗ್ಲಿಷು ಕೂತು ಓದಿ. ಓದಿದವರು ಓದದವರಿಗೆ ಹೇಳಿಕೊಡಿ.

ಸಲ್ಯೂಟು ಹೊಡೆಯೋದು ತಪ್ಪಲ್ಲ. ಹೊಡೆಯೋಕೆ ಮಾತ್ರ ನಾವು ಹುಟ್ಟಿದ್ದೀವಿ ಅಂತ ಒಪ್ಪೋದು ತಪ್ಪು.

ಜೈ ಭೀಮ್.