ಬರೀ ಒಂದು ಸಹಿ, ಮಗಾ!

ಇವತ್ತು ರಾಜಕೀಯ ಬೇಡ. ನನಗೆ ಬಂದ ಒಂದು ಫೋನ್ ಕಾಲ್ ಬಗ್ಗೆ ಮಾತಾಡ್ತೀನಿ. ಇಂಥದ್ದೇ ಕಾಲ್ ನಿಮ್ಮಲ್ಲಿ ಎಷ್ಟೋ ಜನಕ್ಕೆ ಬಂದಿರುತ್ತೆ.

ಕಳೆದ ವಾರ ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಇದ್ದೆ. ಎಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನು ಫೋನ್ ಮಾಡಿದ. ಕೆಲಸ ಬಿಟ್ಟು ಸ್ವಂತ ಕಂಪನಿ ಶುರು ಮಾಡ್ತಾನಂತೆ. ಖುಷಿಯಾಯ್ತು. ಆಮೇಲೆ ವಿಷಯಕ್ಕೆ ಬಂದ. "ಮಗಾ, ಪ್ರೈವೇಟ್ ಲಿಮಿಟೆಡ್ ಅಂದ್ರೆ ಇಬ್ಬರು ಡೈರೆಕ್ಟರ್ ಇರಲೇಬೇಕಂತೆ. ಒಬ್ಬ ನಾನು, ಇನ್ನೊಬ್ಬ ನೀನು. ದುಡ್ಡು ಹಾಕೋದು ಬೇಡ, ಆಫೀಸಿಗೆ ಬರೋದೂ ಬೇಡ. ಬರೀ ಒಂದು ಸಹಿ."

ಹತ್ತು ವರ್ಷದ ಹಿಂದೆ ಆಗಿದ್ರೆ ಎರಡನೇ ಮಾತಿಲ್ಲದೆ ಹೂಂ ಅಂತಿದ್ದೆ. ಈ ಸಲ ನಾಲಿಗೆ ಏಳಲಿಲ್ಲ. ಯಾಕೆ ಅಂದ್ರೆ, ನಮ್ಮ ಬ್ಯಾಚಿನಲ್ಲೇ ಇನ್ನೊಬ್ಬನ ಕತೆ ನನಗೆ ಗೊತ್ತಿತ್ತು.

ಅವನೂ ಹೀಗೇ ಗೆಳೆಯನ ಕಂಪನಿಗೆ ಡೈರೆಕ್ಟರ್ ಆದ. 2012ರ ಮಾತು. ಆ ಕಂಪನಿ ಒಂದು ವರ್ಷ ಉಸಿರಾಡಿ ನಿಂತುಹೋಯ್ತು. ಬಾಡಿಗೆ ರೂಮಿಗೆ ಬೀಗ ಬಿತ್ತು, ಶುರು ಮಾಡಿದವನು ದುಬೈಗೆ ಹೋದ. ಬೀಗ ಹಾಕಿದ ಮೇಲೆ ಕಂಪನಿ ಮುಗೀತು ಅಂತ ಇಬ್ಬರೂ ಅಂದ್ಕೊಂಡ್ರು. ಆದ್ರೆ ಕಾಗದದ ಮೇಲೆ ಆ ಕಂಪನಿ ಬದುಕೇ ಇತ್ತು! ವ್ಯಾಪಾರ ಸೊನ್ನೆ ಆದ್ರೂ ಪ್ರತಿ ವರ್ಷ ಲೆಕ್ಕಪತ್ರ, ವಾರ್ಷಿಕ ರಿಟರ್ನ್ ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಯಾರೂ ಸಲ್ಲಿಸಲಿಲ್ಲ.

2013ರ ಕಂಪನಿ ಕಾಯ್ದೆಯ 164ನೇ ಸೆಕ್ಷನ್ ಏನು ಹೇಳುತ್ತೆ ಗೊತ್ತಾ? ಸತತ ಮೂರು ಹಣಕಾಸು ವರ್ಷ ಇವನ್ನು ಸಲ್ಲಿಸದ ಕಂಪನಿಯ ಡೈರೆಕ್ಟರುಗಳು ಐದು ವರ್ಷ ಅನರ್ಹರು. ಆ ಕಂಪನಿಯಲ್ಲಿ ಮಾತ್ರ ಅಲ್ಲ, ಬೇರೆ ಕಂಪನಿಗಳಲ್ಲೂ. 2017ರಲ್ಲಿ ಕೇಂದ್ರ ಸರ್ಕಾರ ಒಂದೇ ಏಟಿಗೆ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಅಳಿಸಿಹಾಕ್ತು, ಲಕ್ಷಕ್ಕೂ ಹೆಚ್ಚು ಡೈರೆಕ್ಟರುಗಳನ್ನ ಅನರ್ಹರು ಅಂತ ಪಟ್ಟಿ ಮಾಡ್ತು. ಕಪ್ಪುಹಣ ತಿರುಗಿಸೋ ಶೆಲ್ ಕಂಪನಿಗಳ ಮೇಲೆ ಪ್ರಹಾರ ಅಂತ ನಾವೂ ಟೀವಿಯಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದ್ವಿ. ಆ ಪಟ್ಟಿಯಲ್ಲಿ ಕಳ್ಳರ ಜೊತೆ ನಮ್ಮ ಹುಡುಗನ ಹೆಸರೂ ಇತ್ತು.

ಅವನಿಗೆ ಹೇಗೆ ಗೊತ್ತಾಯ್ತು? ಅಷ್ಟು ಹೊತ್ತಿಗೆ ಹುಬ್ಬಳ್ಳಿಯಲ್ಲಿ ಹೆಂಡತಿ ಜೊತೆ ಸೇರಿ ಸ್ವಂತದ್ದೊಂದು ಪುಟ್ಟ ಕಂಪನಿ ಕಟ್ಟಿದ್ದ. ಅದರ ರಿಟರ್ನ್ ಹಾಕೋಕೆ ಆಡಿಟರ್ ಹತ್ರ ಹೋದಾಗ ಇವನ ಡೈರೆಕ್ಟರ್ ನಂಬರೇ ಚಾಲ್ತಿಯಲ್ಲಿಲ್ಲ. ಒಂದು ರೂಪಾಯಿ ಸಂಬಳ ಮುಟ್ಟದ, ಒಂದು ಮೀಟಿಂಗಿಗೂ ಹೋಗದ ಆ ಹಳೇ ಕಂಪನಿಯಿಂದಾಗಿ! ಹೈಕೋರ್ಟಿಗೆ ಹೋದವರು ಆಗ ಬಹಳ ಜನ ಇದ್ರು. ಇವನಿಗೆ ಅಷ್ಟು ಶಕ್ತಿ ಇರಲಿಲ್ಲ. ಏನು ಮಾಡಿದ? ರಿಟೈರ್ಡ್ ಮೇಷ್ಟ್ರಾಗಿದ್ದ ಅಪ್ಪನನ್ನ ತನ್ನ ಜಾಗಕ್ಕೆ ಡೈರೆಕ್ಟರ್ ಮಾಡಿದ. "ಬರೀ ಒಂದು ಸಹಿ ಅಪ್ಪಾ" ಅಂದನಂತೆ. ಇದನ್ನ ಅವನೇ ನಗ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಎಂಜಿನಿಯರಿಂಗ್‌ನಲ್ಲಿ ನಮಗೆ ಥರ್ಮೋಡೈನಮಿಕ್ಸ್ ಹೇಳಿಕೊಟ್ರು. ಡೈರೆಕ್ಟರ್ ಅಂದ್ರೇನು ಅಂತ ಯಾರೂ ಹೇಳಲಿಲ್ಲ. "ಲಿಮಿಟೆಡ್ ಅಲ್ವಾ, ನಮ್ಮ ತಲೆಗೇನೂ ಬರಲ್ಲ" ಅನ್ನೋದು ಸಾಮಾನ್ಯ ನಂಬಿಕೆ. ಆ ಲಿಮಿಟೆಡ್ ಅನ್ನೋ ರಕ್ಷಣೆ ಷೇರುದಾರನಿಗೆ ಸ್ವಾಮಿ. ಹಾಕಿದ ದುಡ್ಡು ಹೋದ್ರೆ ಹೋಯ್ತು, ಅಲ್ಲಿಗೆ ಮುಗೀತು. ಡೈರೆಕ್ಟರ್ ಕತೆ ಬೇರೆ. ಪ್ರೈವೇಟ್ ಕಂಪನಿಯಿಂದ ಆದಾಯ ತೆರಿಗೆ ವಸೂಲಾಗದೇ ಇದ್ರೆ ಇಲಾಖೆ ಡೈರೆಕ್ಟರ್ ಮನೆ ಬಾಗಿಲಿಗೆ ಬರಬಹುದು. ಜಿಎಸ್‌ಟಿಯಲ್ಲೂ ಅದೇ ನಿಯಮ. ನನ್ನ ನಿರ್ಲಕ್ಷ್ಯದಿಂದ ಆದದ್ದಲ್ಲ ಅಂತ ಸಾಬೀತು ಮಾಡೋ ಹೊಣೆ ನಿಮ್ಮದು. ಸಿಬ್ಬಂದಿ ಸಂಬಳದಿಂದ ಪಿಎಫ್ ಹಿಡಿದು ಕಟ್ಟದಿದ್ರೆ ಅದು ನಂಬಿಕೆದ್ರೋಹದ ಕ್ರಿಮಿನಲ್ ಕೇಸಾಗುತ್ತೆ. ಚೆಕ್ ಬೌನ್ಸ್ ಆದ್ರೆ ಸಹಿ ಮಾಡಿದವರೂ ವ್ಯವಹಾರ ನೋಡಿಕೊಳ್ಳೋರೂ ಹೊಣೆ. ನಾನೇನೂ ನೋಡ್ತಿರಲಿಲ್ಲ ಅಂತ ಹೇಳಬಹುದು, ಆದ್ರೆ ಅದನ್ನ ಹೇಳೋಕೂ ವಕೀಲರನ್ನ ಇಟ್ಕೊಂಡು ಕೋರ್ಟಿಗೇ ಹೋಗಬೇಕು.

ಇನ್ನು ಬ್ಯಾಂಕ್ ಸಾಲಕ್ಕೆ ಪರ್ಸನಲ್ ಗ್ಯಾರಂಟಿ ಹಾಕಿದ್ರೋ, ಲಿಮಿಟೆಡ್ ಅನ್ನೋ ಪದವನ್ನೇ ಮರೆತುಬಿಡಿ. ಕಂಪನಿ ದಿವಾಳಿ ಪ್ರಕ್ರಿಯೆ ಮುಗಿದರೂ ಗ್ಯಾರಂಟಿ ಕೊಟ್ಟವನ ಹೊಣೆ ತಾನಾಗಿ ಮುಗಿಯಲ್ಲ ಅಂತ 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೊಂದು ಅಪಾಯ ಕಣ್ಣಿಗೇ ಬೀಳಲ್ಲ. ಡಿಜಿಟಲ್ ಸಿಗ್ನೇಚರ್. ಪೆನ್‌ಡ್ರೈವ್ ಥರದ ಟೋಕನ್ ಅದು. ಎಷ್ಟೋ ಡೈರೆಕ್ಟರುಗಳು ಅದನ್ನ ಒಮ್ಮೆಯೂ ಕೈಯಲ್ಲಿ ಹಿಡಿದಿರಲ್ಲ. ಆಡಿಟರ್ ಡ್ರಾಯರ್‌ನಲ್ಲಿರುತ್ತೆ, ಪಿನ್ ನಂಬರ್ ಚೀಟಿ ಅಂಟಿಸಿಕೊಂಡು. ನೀವು ಮಲಗಿದ್ದಾಗಲೂ ನಿಮ್ಮ ಸಹಿ ಬೀಳ್ತಿರುತ್ತೆ.

ಹೊರಗೆ ಬರಬೇಕಾ? "ಮಗಾ, ನಾನು ಔಟ್" ಅಂತ ವಾಟ್ಸ್‌ಆ್ಯಪ್ ಮಾಡಿದ್ರೆ ಆಗಲ್ಲ. ಕಂಪನಿಗೆ ಲಿಖಿತ ರಾಜೀನಾಮೆ ಕೊಡಬೇಕು. ಕಂಪನಿ ಮೂವತ್ತು ದಿನದಲ್ಲಿ ರಿಜಿಸ್ಟ್ರಾರ್‌ಗೆ ಡಿಐಆರ್-12 ಸಲ್ಲಿಸಬೇಕು. ಗೆಳೆಯ ಸಲ್ಲಿಸ್ತಾನೆ ಅಂತ ಕೂರಬೇಡಿ, ನೀವೇ ಡಿಐಆರ್-11 ಹಾಕೋಕೆ ಅವಕಾಶ ಇದೆ. ಆದ್ರೂ ನೀವು ಹುದ್ದೆಯಲ್ಲಿದ್ದಾಗ ನಡೆದ ತಪ್ಪಿಗೆ ರಾಜೀನಾಮೆ ನಂತರವೂ ಹೊಣೆ ತಪ್ಪಲ್ಲ.

ಹಾಗಂತ ಗೆಳೆಯರ ಕಂಪನಿಗೆ ಯಾರೂ ಹೋಗಲೇಬಾರದಾ? ಹಾಗೆ ಹೇಳೋಕೂ ನನಗೆ ಮನಸ್ಸಿಲ್ಲ. ಈ ಬೆಂಗಳೂರು ಕಟ್ಟಿದ್ದೇ ಒಬ್ಬರನ್ನೊಬ್ಬರು ನಂಬಿದ ಗೆಳೆಯರು. 1981ರಲ್ಲಿ ಇನ್ಫೋಸಿಸ್ ಶುರು ಮಾಡಿದ ಏಳು ಜನ ಜೊತೆಗೆ ಕೆಲಸ ಮಾಡಿದವರೇ. ಆದ್ರೆ ಅವರು ಬರೀ ಹೆಸರಿಗೆ ಇದ್ದವರಲ್ಲ, ಕೂತು ದುಡಿದವರು. ಅಲ್ಲಿದೆ ವ್ಯತ್ಯಾಸ.

ನಾನು ನನ್ನ ರೂಮ್‌ಮೇಟ್‌ಗೆ ವಾಪಸ್ ಫೋನ್ ಮಾಡಿದೆ. "ಆಗ್ತೀನಿ ಕಣೋ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರತಿ ತಿಂಗಳು ನನಗೂ ಬರಬೇಕು. ಜಿಎಸ್‌ಟಿ, ಪಿಎಫ್ ಚಲನ್ ಕಳಿಸಬೇಕು. ನನ್ನ ಟೋಕನ್ ನನ್ನ ಹತ್ರಾನೇ ಇರುತ್ತೆ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ನನ್ನ ಮೇಲೆ ನಂಬಿಕೆ ಇಲ್ವೇನೋ?" ಅಂದ. ಹಾಸ್ಟೆಲ್‌ನಲ್ಲಿ ನನಗೆ ಡೆಂಗಿ ಬಂದಾಗ ಮೂರು ರಾತ್ರಿ ಆಸ್ಪತ್ರೆಯಲ್ಲಿ ಕೂತವನು ಅವನು. ಏನಂತ ಉತ್ತರ ಕೊಡ್ಲಿ?

ಮೊನ್ನೆ ಗೊತ್ತಾಯ್ತು, ಕಂಪನಿ ರಿಜಿಸ್ಟರ್ ಆಯ್ತಂತೆ. ಎರಡನೇ ಡೈರೆಕ್ಟರ್ ಅವನ ತಮ್ಮ. ಇನ್ನೂ ಕೊನೇ ಸೆಮಿಸ್ಟರ್ ಓದ್ತಿರೋ ಹುಡುಗ. ಅವನ ನಂಬರ್ ತಗೊಂಡಿದ್ದೀನಿ. ನಾಳೆ ಫೋನ್ ಮಾಡ್ತೀನಿ.