ಹೊಳೆ ಬಂದಾಗ ಸಂಘದ ಕೆಲಸ
(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ದಿನ ಸಾಲ, ವಸೂಲಿ, ಗೊಬ್ಬರದ ಲೆಕ್ಕವನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನಾವು ಬೇರೆ ಒಂದು ವಿಷಯ ಎತ್ತಿಕೊಳ್ಳುತ್ತೇವೆ. ಹೊಳೆ ಬಂದು ಮನೆ ಬಿಟ್ಟ ಕುಟುಂಬಕ್ಕೆ ಸಹಕಾರ ಸಂಘ ಏನು ಮಾಡಬಹುದು ಎಂಬುದೇ ಆ ವಿಷಯ.

ನಮ್ಮ ಹೊಳೆಯ ಗುಣ ನಿಮಗೆ ಗೊತ್ತೇ ಇದೆ. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ತುಂಗಭದ್ರೆ ಏರುತ್ತಾಳೆ. ಗಾಜನೂರಿನ ತುಂಗಾ ಅಣೆಕಟ್ಟು ಸಣ್ಣದು, ಬೇಗ ತುಂಬುತ್ತದೆ. ಆಮೇಲೆ ಬಂದ ನೀರೆಲ್ಲ ಕೆಳಗೇ ಬರಬೇಕು. ಲಕ್ಕವಳ್ಳಿಯ ಭದ್ರಾ ದೊಡ್ಡದು. ಅದೂ 186 ಅಡಿಯ ಹತ್ತಿರಕ್ಕೆ ಬಂದು ಗೇಟು ಎತ್ತಿದರೆ, ಕೂಡ್ಲಿಯಲ್ಲಿ ಎರಡೂ ನೀರು ಸೇರಿ ಹೊನ್ನಾಳಿ ದಾಟಿ ನಮ್ಮ ಕಡೆ ನುಗ್ಗುತ್ತದೆ. 2019ರ ಆಗಸ್ಟಿನಲ್ಲಿ, ಮತ್ತೆ 2024ರ ಮಳೆಗಾಲದಲ್ಲಿ ಇದನ್ನೇ ಕಂಡೆವು. ಉಕ್ಕಡಗಾತ್ರಿಯ ಸ್ನಾನಘಟ್ಟ ಮುಳುಗುವುದು, ಹರಿಹರದ ಗಂಗಾನಗರದ ಜನ ಗಂಟುಮೂಟೆ ಕಟ್ಟುವುದು ನಮಗೆ ಹೊಸ ಸುದ್ದಿಯಲ್ಲ.

ಮನೆ ಬಿಟ್ಟವರಿಗೆ ಮೊದಲ ದಿನ ಊಟ, ಹೊದಿಕೆ ಸಿಗುತ್ತದೆ. ಹಿಂದೆ ಗಂಜಿ ಕೇಂದ್ರ ಅಂತಿದ್ದದ್ದನ್ನು ಈಗ ಕಾಳಜಿ ಕೇಂದ್ರ ಅಂತಾರೆ. ಊರೂರಿನಿಂದ ರೊಟ್ಟಿ, ಅಕ್ಕಿ, ಬಟ್ಟೆ ಬರುತ್ತವೆ. ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಕಷ್ಟ ಶುರುವಾಗೋದು ನೀರು ಇಳಿದ ಮೇಲೆ ನೋಡ್ರಿ.

ಸರ್ಕಾರದ ಪರಿಹಾರ ಕಾಗದದ ಮೇಲೆ ನಡೆಯುತ್ತದೆ. 2022-23ರಿಂದ 2025-26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ ಇತ್ತು, ಅಂದರೆ ಎಕರೆಗೆ ಸುಮಾರು 6,900. ಅದೂ ಎರಡು ಹೆಕ್ಟೇರಿಗೆ ಮಾತ್ರ. ನಷ್ಟ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಇರಬೇಕಿತ್ತು. ಹಾಲು ಕರೆಯುವ ಎಮ್ಮೆ, ಹಸು ಸತ್ತರೆ 37,500 ಇತ್ತು. ಉಳುವ ಎತ್ತಿಗೆ 32,000. ಕುರಿ, ಮೇಕೆಗೆ 4,000. ಇದನ್ನು ಪಡೆಯಲು ಪಹಣಿ ಬೇಕು, ಆಧಾರ್ ಬೇಕು, ಬ್ಯಾಂಕ್ ಖಾತೆ ಬೇಕು, ಪಂಚನಾಮೆ ಆಗಬೇಕು.

ಈಗ ಯೋಚಿಸಿ. ಕೋರಿಗೆ, ಗುತ್ತಿಗೆಗೆ ಗದ್ದೆ ಮಾಡಿದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಬೀಜ, ಗೊಬ್ಬರ, ನಾಟಿ ಕೂಲಿ ಎಲ್ಲ ಅವನದು. ಬೆಳೆ ಪರಿಹಾರ ಮಾತ್ರ ಪಹಣಿದಾರರ ಖಾತೆಗೆ ಹೋಗುತ್ತದೆ. ತಂದೆ ತೀರಿಕೊಂಡು ಖಾತೆ ಬದಲಾಗದ ವಿಧವೆ ತಾಯಿಗೂ ಇದೇ ಪಾಡು. ಇನ್ನು ಕೂಲಿಯವರಿಗೆ ಹೊಲವೂ ಇಲ್ಲ, ನೀರು ನಿಂತಷ್ಟು ದಿನ ಕೆಲಸವೂ ಇಲ್ಲ. ಹೆಚ್ಚು ಕಳೆದುಕೊಂಡವರ ಹೆಸರೇ ಪಟ್ಟಿಯಲ್ಲಿ ಬಿಟ್ಟುಹೋದರೆ ಅದು ಎಂಥ ಪರಿಹಾರ?

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಉತ್ತರ ಕರ್ನಾಟಕದ ಪ್ರವಾಹವನ್ನೂ ನೆನೆಯಬೇಕು. ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆಮೇಲೆ ದಾನಿಗಳ ನೆರವಿನಿಂದ 'ಆಸರೆ' ಮನೆಗಳು ಎದ್ದವು. ಆದರೆ ಹೊಸ ಜಾಗ ಹೊಲಕ್ಕೆ ದೂರವಾದ ಕಡೆ, ದನ ಕಟ್ಟಲು ಎಡೆ ಇಲ್ಲದ ಕಡೆ ಎಷ್ಟೋ ಕುಟುಂಬಗಳು ಹಳೇ ಊರಲ್ಲೇ ಉಳಿದವು. ರೈತನಿಗೆ ಮನೆ ಅಂದರೆ ನಾಲ್ಕು ಗೋಡೆ ಮಾತ್ರ ಅಲ್ಲ. ಕೊಟ್ಟಿಗೆ, ಬಣವೆ, ಹೊಲದ ದಾರಿ ಎಲ್ಲ ಸೇರಿದರೆ ಮನೆ.

ಇಲ್ಲೇ ಸಂಘದ ಕೆಲಸ ಬರುತ್ತದೆ. ಯಾರ ಗದ್ದೆಯನ್ನು ಯಾರು ಮಾಡುತ್ತಾರೆ, ಯಾರ ಮನೆಯಲ್ಲಿ ಎಷ್ಟು ದನ, ಯಾರು ಒಂಟಿ ಮುದುಕರು ಎಂಬುದು ದೂರದ ಕಚೇರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಆದ್ದರಿಂದ ನಾಲ್ಕು ಮಾತು ಸಭೆಯ ಮುಂದಿಡುತ್ತೇವೆ.

ಒಂದು: ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ತಗ್ಗಿನ ಮನೆಗಳ ಪಟ್ಟಿ ಆಗಲಿ. ಕೋರಿನವರು, ಕೂಲಿಯವರು, ಸದಸ್ಯರಲ್ಲದವರು ಕೂಡ ಅದರಲ್ಲಿರಲಿ.

ಎರಡು: ಒಪ್ಪಿದವರ ಪಹಣಿ, ಆಧಾರ್, ಪಾಸ್ ಪುಸ್ತಕದ ನಕಲು ಸಂಘದ ಬೀರುವಿನಲ್ಲಿ ಭದ್ರವಾಗಿರಲಿ.

ಮೂರು: ಎತ್ತರದ ಜಾಗದಲ್ಲಿ ಒಣ ಹುಲ್ಲು ದಾಸ್ತಾನಿರಲಿ. ದನಕ್ಕೆ ಮೇವಿಲ್ಲ ಅಂದರೆ ರೈತ ಕೊಟ್ಟಿಗೆ ಬಿಟ್ಟು ಬರೋದಿಲ್ಲ, ಜೀವಕ್ಕೇ ಅಪಾಯ ತಂದುಕೊಳ್ಳುತ್ತಾನೆ.

ನಾಲ್ಕು: ಬೈಲಾ ಮಿತಿಯೊಳಗೆ, ಮಹಾಸಭೆಯ ಒಪ್ಪಿಗೆ ಪಡೆದು ಲಾಭದ ಒಂದು ಪಾಲನ್ನು ನೆರೆ ನಿಧಿಗೆ ತೆಗೆದಿಡೋಣ. ನೀರು ಇಳಿದ ವಾರದಲ್ಲೇ ಮರು ನಾಟಿಗೆ ಬೀಜ ಸಿಗಬೇಕು. ತಡವಾದರೆ ಹಂಗಾಮೇ ಹೋಗುತ್ತದೆ, ರೈತ ಕೈಸಾಲದವರ ಬಾಗಿಲಿಗೆ ಹೋಗುತ್ತಾನೆ. ಗದ್ದೆ ಕೋರಿಗೆ ಕೊಟ್ಟವರು ಪರಿಹಾರದ ಹಣದಲ್ಲಿ ಸಾಗುವಳಿ ಮಾಡಿದವನ ಪಾಲು ಅವನಿಗೆ ಕೊಡಲಿ ಎಂದೂ ಕೈಮುಗಿದು ಕೇಳುತ್ತೇವೆ. ಇದಕ್ಕೆ ಕಾನೂನು ಬೇಡ, ಊರ ಹಿರಿಯರ ಮಾತು ಸಾಕು.

1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಕಷ್ಟದಲ್ಲಿ ಒಬ್ಬರಿಗೊಬ್ಬರು ಆಗಲಿ ಎಂದೇ. ಹೊಳೆ ಬರುವುದನ್ನು ತಡೆಯುವುದು ನಮ್ಮ ಕೈಲಿಲ್ಲ. ಹೊಳೆ ಇಳಿದ ಮೇಲೆ ನಮ್ಮವರು ಒಬ್ಬರೂ ಪಟ್ಟಿಯ ಹೊರಗೆ ಉಳಿಯದಂತೆ ನೋಡುವುದು ನಮ್ಮ ಕೈಲಿದೆ. ಮುಂದಿನ ಮಳೆಗಾಲದೊಳಗೆ ಆ ಪಟ್ಟಿ ಬರೆಯಲು ಕೂಡೋಣ ಎಂದು ಕೇಳಿಕೊಳ್ಳುತ್ತೇವೆ.